ಮೇಷ್ಟರ ಹುಟ್ಟುಹಬ್ಬ

ಪ್ರಶ್ನೆ: ರಾಜ್ಯ ಸರ್ಕಾರದ ನೌಕರಿಯಲ್ಲಿದ್ದ ನಮ್ಮ ಅಪ್ಪಯ್ಯನಿಗೆ ಮೂರು ಹುಟ್ಟುಹಬ್ಬ. ಶಾಲೆಯ ದಾಖಲೆ, ಪಿಂಚಣಿ ಪುಸ್ತಕ, ಆಧಾರ್ ಎಲ್ಲದರಲ್ಲೂ 1947ರ ಜೂನ್ 1 ಎಂದಿದೆ. ಅಜ್ಜಿ ಮಾತ್ರ ಕೊನೆಯವರೆಗೂ ಸ್ವಾತಂತ್ರ್ಯ ಬಂದ ದಿನವೇ ಹುಟ್ಟಿದ್ದು, ಮಧ್ಯಾಹ್ನದ ಊಟದ ಹೊತ್ತು ಎನ್ನುತ್ತಿದ್ದರು. ಹಳೆಯ ಟ್ರಂಕಿನಲ್ಲಿ ಸಿಕ್ಕಿದ ಜಾತಕದ ಕಾಗದದಲ್ಲಿ ‘ಸರ್ವಜಿತು ಸಂವತ್ಸರ, ಅಧಿಕ ಶ್ರಾವಣ ಬಹುಳ ಚತುರ್ದಶಿ, ಶುಕ್ರವಾರ, ಪುಷ್ಯ ನಕ್ಷತ್ರ’ ಎಂದಿದೆ. ಕಳೆದ ಜೂನ್ 1ರಂದು ಎಲ್ಲರ ಫೋನುಗಳೂ ನೆನಪಿಸಿದವು, ಬ್ಯಾಂಕಿನಿಂದ ಶುಭಾಶಯ ಬಂತು, ನ್ಯೂಜೆರ್ಸಿಯಲ್ಲಿರುವ ತಮ್ಮ ಅಲ್ಲಿಂದಲೇ ಕೇಕ್ ತರಿಸಿದ. ಅಪ್ಪಯ್ಯ ‘ಇದು ಮೇಷ್ಟರ ಹುಟ್ಟುಹಬ್ಬ, ನನ್ನದಲ್ಲ’ ಎಂದು ಎದ್ದು ತೋಟಕ್ಕೆ ಹೋದರು. 2027ಕ್ಕೆ ಅವರಿಗೆ ಎಂಬತ್ತು. ಯಾವ ದಿನ ಆಚರಿಸಬೇಕು? ಸಹಸ್ರ ಚಂದ್ರ ದರ್ಶನ ಯಾವಾಗ? ಆಧಾರ್ ತಿದ್ದಿಸಬೇಕೇ? ಅಮ್ಮನ ಆಧಾರ್‌ನಲ್ಲಂತೂ ಜನವರಿ 1 ಎಂದಿದೆ, ಅವರಿಗೆ ಯಾವ ದಿನವೂ ಗೊತ್ತಿಲ್ಲ. ಅವರ ತವರು ಶರಾವತಿ ಅಣೆಕಟ್ಟಿನ ನೀರಿನಲ್ಲಿ ಮುಳುಗಡೆಯಾದ ಊರು.
ಸಾಗರ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಅಪ್ಪಯ್ಯನ ಮಾತು ಓದಿ ಮೊದಲು ನಕ್ಕೆ. ಆಮೇಲೆ ಸ್ವಲ್ಪ ಮುಜುಗರವಾಯಿತು. ಮೂವತ್ತು ವರ್ಷಕ್ಕೂ ಹೆಚ್ಚು ಮಲೆನಾಡಿನ ಶಾಲೆಗಳಲ್ಲಿ ಗಣಿತ ಹೇಳಿಕೊಟ್ಟವನು ನಾನು, ಅದರಲ್ಲಿ ಕೆಲವು ವರ್ಷ ಮುಖ್ಯೋಪಾಧ್ಯಾಯನಾಗಿದ್ದೆ. ಅವರು ಹೇಳಿದ ಮೇಷ್ಟರ ಜಾತಿಗೆ ಸೇರಿದವನು. ಅಂಥ ಹುಟ್ಟುಹಬ್ಬಗಳನ್ನು ನನ್ನ ಕೈಯಾರೆ ಬರೆದಿದ್ದೇನೆ.

ಹೇಗೆ ಬರೆಯುತ್ತಿದ್ದೆವು ಎಂದು ಹೇಳುತ್ತೇನೆ. ಜೂನ್ ತಿಂಗಳು, ಹೊರಗೆ ಮಳೆ. ಕಂಬಳಿ ಕೊಪ್ಪೆ ಹೊದ್ದ ಅಪ್ಪ, ಅವನ ಹಿಂದೆ ಅಡಗಿಕೊಂಡ ಮಗು. ಮೇಜಿನ ಮೇಲೆ ದಾಖಲಾತಿ ಪುಸ್ತಕ, ಉದ್ದನೆಯ ಗೆರೆ ಹಾಳೆ, ಅದರಲ್ಲಿ ಜನ್ಮ ದಿನಾಂಕಕ್ಕೆ ಎರಡು ಅಂಕಣ: ಒಂದು ಅಂಕಿಯಲ್ಲಿ, ಒಂದು ಅಕ್ಷರದಲ್ಲಿ. ‘ಹುಟ್ಟಿದ್ದು ಯಾವಾಗ?’ ಎಂದರೆ ‘ದೊಡ್ಡ ಮಳೆ ಬಂದು ಸಂಕ ಕೊಚ್ಚಿಕೊಂಡು ಹೋಯಿತಲ್ಲ, ಆ ವರ್ಷ’ ಎಂಬ ಉತ್ತರ. ಆಗ ನಾವು ಮಾಡುತ್ತಿದ್ದ ಪರೀಕ್ಷೆ ಒಂದೇ. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟು ಎನ್ನುವುದು. ಬೆರಳು ಕಿವಿಗೆ ತಾಗಿದರೆ ಶಾಲೆಗೆ ಸೇರುವ ವಯಸ್ಸಾಯಿತು. ಶಾಲೆ ತೆರೆಯುವ ದಿನಕ್ಕೆ ವಯಸ್ಸು ತುಂಬಿರಬೇಕಾದ್ದರಿಂದ ಆ ದಿನವನ್ನೇ ಹಿಡಿದು ಅಷ್ಟು ವರ್ಷ ಹಿಂದಕ್ಕೆ ಎಣಿಸಿ ಜೂನ್ 1 ಎಂದು ಬರೆದುಬಿಡುತ್ತಿದ್ದೆವು. ಮಗುವಿನ ಕಿವಿ ಸಿಕ್ಕಿತು, ನಮಗೆ ತಾರೀಖು ಸಿಕ್ಕಿತು.

ನಿಮ್ಮ ಅಪ್ಪಯ್ಯನ ಸಂಗತಿ ಇನ್ನೂ ಸ್ವಾರಸ್ಯದ್ದು. ಅವರ ಮನೆಯವರಿಗೆ ದಿನ ಗೊತ್ತಿತ್ತು. ಆದರೆ ಆಗಸ್ಟ್ 15 ಎಂದು ಬರೆದರೆ ಶಾಲೆ ತೆರೆಯುವ ಹೊತ್ತಿಗೆ ಎರಡೂವರೆ ತಿಂಗಳು ಕಡಿಮೆ ಬೀಳುತ್ತದೆ. ಹುಡುಗ ಒಂದು ವರ್ಷ ಮನೆಯಲ್ಲಿ ದನ ಕಾಯುತ್ತಾನೆ, ಬಹುಶಃ ಮುಂದಿನ ವರ್ಷವೂ ಅಲ್ಲೇ ಉಳಿಯುತ್ತಾನೆ. ಒಳ್ಳೆಯ ಮೇಷ್ಟರು ಎರಡೂವರೆ ತಿಂಗಳ ಸುಳ್ಳು ಬರೆದು ಹುಡುಗನನ್ನು ಬೆಂಚಿನ ಮೇಲೆ ಕೂರಿಸಿದರು. ಹೀಗಾಗಿ ದೇಶದ ಜೊತೆ ಹುಟ್ಟಿದ ಹುಡುಗ ಕಾಗದದಲ್ಲಿ ದೇಶಕ್ಕಿಂತ ಹಿರಿಯನಾದ.

ಇದಕ್ಕೆ ಅವರು ಬೆಲೆ ಕೊಟ್ಟಿದ್ದಾರೆ ಎಂಬುದನ್ನು ನೀವು ತಿಳಿದಿರಬೇಕು. ಅವರು ರಾಜ್ಯ ಸರ್ಕಾರದ ನೌಕರಿಯಲ್ಲಿದ್ದರು ಎಂದು ಬರೆದಿದ್ದೀರಿ. ಆಗ ನಿವೃತ್ತಿಯ ವಯಸ್ಸು 58. ಸರ್ಕಾರಿ ನಿಯಮದಲ್ಲಿ ತಿಂಗಳ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ಮನೆಗೆ ಹೋಗಬೇಕು, ಉಳಿದವರಿಗೆ ಹುಟ್ಟಿದ ತಿಂಗಳ ಕೊನೆಯ ದಿನ. ಅಂದರೆ ಜೂನ್ 1ರ ಲೆಕ್ಕದಲ್ಲಿ ಅವರು 2005ರ ಮೇ 31ಕ್ಕೆ ನಿವೃತ್ತರಾದರು. ನಿಜವಾದ ತಾರೀಖಿಗೆ ಆಗಸ್ಟ್ 31. ಮೂರು ತಿಂಗಳ ಸಂಬಳ ಮೇಷ್ಟರ ಲೇಖನಿಯಲ್ಲಿ ಹೋಯಿತು. ನಮ್ಮ ಕಚೇರಿಗಳಲ್ಲಿ ಮೇ 31ರ ಸಂಜೆ ಅಷ್ಟೊಂದು ಹಾರ ತುರಾಯಿ ಏಕೆ ಎಂಬುದಕ್ಕೂ ಇದೇ ಉತ್ತರ. ನಮ್ಮಂಥವರು ಬರೆದ ಜೂನ್ 1ರ ಮಕ್ಕಳೆಲ್ಲ ಆ ದಿನ ಒಟ್ಟಿಗೆ ಹೊರಬೀಳುತ್ತಾರೆ.

ಈಗ ನಿಮ್ಮ ಜಾತಕದ ಕಾಗದ. ಸ್ವಾತಂತ್ರ್ಯದ ದಿನ ಹುಟ್ಟಿದೆವು ಎನ್ನುವವರು ನಮ್ಮಲ್ಲಿ ಬಹಳ ಮಂದಿ ಇರುವುದರಿಂದ ನನಗೂ ಮೊದಲು ಅನುಮಾನವಿತ್ತು. ಲೆಕ್ಕ ಹಾಕಿ ನೋಡಿದೆ. ಅರವತ್ತು ಸಂವತ್ಸರಗಳ ಚಕ್ರದಲ್ಲಿ 1947ರ ಯುಗಾದಿಗೆ ಶುರುವಾದದ್ದು ಸರ್ವಜಿತುವೇ. ಆ ವರ್ಷ ಅಧಿಕ ಶ್ರಾವಣ ಬಂದಿತ್ತು. ಆಗಸ್ಟ್ 15 ಶುಕ್ರವಾರ, ಅಂದು ಹಗಲು ಬಹುಳ ಚತುರ್ದಶಿ, ನಕ್ಷತ್ರ ಪುಷ್ಯ. ಸಂವತ್ಸರ, ಮಾಸ, ತಿಥಿ, ವಾರ, ನಕ್ಷತ್ರ ಐದೂ ಕೂಡಿಬಂದಿವೆ. ವಾರವೊಂದನ್ನು ಊಹಿಸಿ ಬರೆಯಬಹುದು, ಐದನ್ನೂ ಊಹಿಸಿ ಬರೆಯಲು ಆಗುವುದಿಲ್ಲ. ಅಜ್ಜಿ ಸರಿ. ಹಳೆಯ ಜಾತಕ ಇರುವ ಯಾರಾದರೂ ಹೀಗೆಯೇ ಪರೀಕ್ಷಿಸಿಕೊಳ್ಳಬಹುದು. ತಿಥಿ ಮತ್ತು ವಾರ ಎರಡೂ ಒಟ್ಟಿಗೆ ಕೂಡುವ ವರ್ಷ ಅಕ್ಕಪಕ್ಕದಲ್ಲಿ ಒಂದೇ ಇರುವುದು ಹೆಚ್ಚು.

ಅಧಿಕ ಮಾಸದಲ್ಲಿ ಹುಟ್ಟಿದ್ದು ಎಂಬುದೇ ಮುಂದಿನ ತೊಡಕು. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ, ಸೌರ ವರ್ಷಕ್ಕೆ 365. ಪ್ರತಿ ವರ್ಷ ಹನ್ನೊಂದು ದಿನ ಹಿಂದೆ ಬೀಳುತ್ತ ಬಂದು ಮೂರು ವರ್ಷಕ್ಕೆ ಹತ್ತಿರ ಹತ್ತಿರ ಒಂದು ತಿಂಗಳ ಸಾಲವಾಗುತ್ತದೆ. ಆಗ ಒಂದು ತಿಂಗಳನ್ನು ಸೇರಿಸಿ ತೀರಿಸುತ್ತೇವೆ. ಯಾವ ಚಾಂದ್ರಮಾಸದಲ್ಲಿ ಸೂರ್ಯ ಹೊಸ ರಾಶಿಗೆ ಕಾಲಿಡುವುದಿಲ್ಲವೋ, ಅಂದರೆ ಸಂಕ್ರಮಣವೇ ಇರುವುದಿಲ್ಲವೋ, ಅದು ಅಧಿಕ. 1947ರಲ್ಲಿ ಆಗಸ್ಟ್ 16ರ ಸಂಜೆಯ ಹೊತ್ತಿಗೆ ಅಮಾವಾಸ್ಯೆ ಮುಗಿಯಿತು, ಸಿಂಹ ಸಂಕ್ರಮಣ ಅದಾದ ಮೇಲೆ ಆ ರಾತ್ರಿ ಕಳೆಯುವುದರೊಳಗೆ ಆಯಿತು. ಕೆಲವೇ ಗಂಟೆಗಳ ಅಂತರದಲ್ಲಿ ಇಡೀ ತಿಂಗಳು ಅಧಿಕವಾಯಿತು. ಮದುವೆ ಮುಂಜಿ ಇಲ್ಲದ, ಅಳಿಯನಿಗೆ ಮೂವತ್ತಮೂರು ಅತ್ತಿರಸ ಕೊಡುವ ತಿಂಗಳು. ಹುಟ್ಟುವ ಮಕ್ಕಳು ಮಾತ್ರ ಮುಹೂರ್ತ ನೋಡುವುದಿಲ್ಲ.

1958, 1977ರಲ್ಲೂ ಅಧಿಕ ಶ್ರಾವಣ ಬಂದಿತ್ತು, ಆದರೆ ಹತ್ತೊಂಬತ್ತು ವರ್ಷದ ಸಾಲಿನಲ್ಲಿ ಅದು ಮತ್ತೆ ಬಂದದ್ದು 1966, 1985, 2004, 2023ರಲ್ಲಿ. ಹತ್ತೊಂಬತ್ತು ವರ್ಷಕ್ಕೆ ಸೂರ್ಯ ಚಂದ್ರರ ಲೆಕ್ಕ ಹೆಚ್ಚುಕಡಿಮೆ ಸರಿಹೋಗುವುದರಿಂದ ಹೀಗಾಗುತ್ತದೆ. ನಿಮ್ಮ ಅಪ್ಪಯ್ಯನ ಹತ್ತೊಂಬತ್ತು, ಮೂವತ್ತೆಂಟು, ಐವತ್ತೇಳು, ಎಪ್ಪತ್ತಾರನೇ ವಯಸ್ಸು. ನಿಮಗೆ ಹೊಟ್ಟೆ ಉರಿಸಲು ಹೇಳುತ್ತಿಲ್ಲ, ಆದರೆ 2023ರ ಆಗಸ್ಟ್ 15ರಂದು ಅಧಿಕ ಶ್ರಾವಣ ಬಹುಳ ಚತುರ್ದಶಿಯೇ ಇತ್ತು. ಇಂಗ್ಲಿಷ್ ತಾರೀಖು, ಮಾಸ, ತಿಥಿ ಮೂರೂ ಹುಟ್ಟಿದ ದಿನದಂತೆಯೇ ಕೂಡಿಬಂದ ಆ ದಿನ ನಿಮ್ಮ ಮನೆಯ ಯಾವ ಫೋನೂ ಸದ್ದು ಮಾಡಿರಲಿಕ್ಕಿಲ್ಲ. ಅದಕ್ಕೆ ಎರಡೂವರೆ ತಿಂಗಳ ಹಿಂದೆಯೇ ಎಲ್ಲವೂ ಕೂಗಿ ಸುಸ್ತಾಗಿದ್ದವು.

ಅಧಿಕ ಮಾಸವಿಲ್ಲದ ವರ್ಷಗಳಲ್ಲಿ ನಿಜ ಶ್ರಾವಣದ ಅದೇ ತಿಥಿಯನ್ನು ಹಿಡಿಯುವುದು ವಾಡಿಕೆ. ಬೆನಕನ ಅಮಾವಾಸ್ಯೆಯ ಹಿಂದಿನ ದಿನ ಎಂದು ನೆನಪಿಟ್ಟುಕೊಳ್ಳಿ. 2027ರಲ್ಲಿ ಅದು ಆಗಸ್ಟ್ ತಿಂಗಳ ಕೊನೆಗೆ ಬೀಳುತ್ತದೆ. ಆಯುಷ್ಯ ಹೋಮ ಮಾಡಿಸುವುದಾದರೆ ಅಂದು ಮಾಡಿಸಿ, ಪಾಯಸಕ್ಕೆ ಆಗಸ್ಟ್ 15 ಇರಲಿ. ಆ ವರ್ಷ ಅದು ಭಾನುವಾರ, ಊರಿಗೆಲ್ಲ ರಜೆ, ಬೆಂಗಳೂರಿನವರೂ ಬರಬಹುದು.

ಸಹಸ್ರ ಚಂದ್ರ ದರ್ಶನದ ಲೆಕ್ಕ ನನಗೆ ಬಹಳ ಇಷ್ಟದ್ದು. ಹುಣ್ಣಿಮೆಯಿಂದ ಹುಣ್ಣಿಮೆಗೆ ಸರಾಸರಿ 29.53 ದಿನ. ಸಾವಿರ ಹುಣ್ಣಿಮೆಗೆ 29,530 ದಿನ, ಅಂದರೆ ಎಂಬತ್ತು ವರ್ಷ ಹತ್ತು ತಿಂಗಳು. ಕೆಲವು ಮನೆಗಳಲ್ಲಿ ಎಂಬತ್ತು ತುಂಬಿದ ಕೂಡಲೇ ಮಾಡುತ್ತಾರೆ, ಕೆಲವರು ಎಂಬತ್ತೊಂದಕ್ಕೆ. ಆ ವಿಷಯದಲ್ಲಿ ನಿಮ್ಮ ಪುರೋಹಿತರ ಮಾತೇ ಮಾತು, ನಾನು ನಡುವೆ ಬಾಯಿ ಹಾಕುವುದಿಲ್ಲ. ಆದರೆ ಬೆರಳು ಮಡಚಿ ಎಣಿಸಿದರೆ ನಿಮ್ಮ ಅಪ್ಪಯ್ಯನ ಮೊದಲ ಹುಣ್ಣಿಮೆ 1947ರ ಆಗಸ್ಟ್ 31, ಸಾವಿರನೆಯದು 2028ರ ಜೂನ್ 7, ಬುಧವಾರ, ಕಾರ ಹುಣ್ಣಿಮೆ. ಶಾಲೆಯ ತಾರೀಖು ಹಿಡಿದರೆ ಜೂನ್ 1ಕ್ಕೂ ಆಗಸ್ಟ್ 15ಕ್ಕೂ ನಡುವೆ ಬಂದ ಮೂರು ಹುಣ್ಣಿಮೆಗಳು ಸುಮ್ಮನೆ ಅವರ ಖಾತೆಗೆ ಜಮೆಯಾಗಿ, ಹೋಳಿ ಹುಣ್ಣಿಮೆಗೇ ಸಾವಿರ ತುಂಬಿಬಿಡುತ್ತದೆ. ಕಾಣದ ಚಂದ್ರನನ್ನು ಕಂಡೆವು ಎಂದು ಲೆಕ್ಕ ಕೊಟ್ಟಂತೆ.

ಫೋನಿನ ವಿಷಯಕ್ಕೆ ಬರುತ್ತೇನೆ. ಫೋನಿಗೆ ಗೊತ್ತಿರುವುದು ಯಾರೋ ಒಂದು ಕಡೆ ತುಂಬಿದ ತಾರೀಖು ಮಾತ್ರ. ನಿಮ್ಮ ಮನೆಯಲ್ಲಿ ಯಾರೋ ಆಧಾರ್ ನೋಡಿಕೊಂಡು ಅಪ್ಪಯ್ಯನ ಹೆಸರಿನ ಮುಂದೆ ಜೂನ್ 1 ಎಂದು ಹಾಕಿದ್ದಾರೆ, ಅದು ಕ್ಯಾಲೆಂಡರಿಗೆ ಹೋಗಿದೆ. ಸಂಪರ್ಕಗಳ ಪಟ್ಟಿಯಲ್ಲಿ ಅವರ ಹೆಸರು ತೆರೆದು ಜನ್ಮದಿನವನ್ನು ಆಗಸ್ಟ್ 15 ಎಂದು ತಿದ್ದಿ. ಹಳೆಯದನ್ನು ಅಳಿಸಿ ಹೊಸದಾಗಿ ತುಂಬುವುದಾದರೆ ತಾರೀಖು ಆರಿಸುವ ಪಟ್ಟಿ ಇಂದಿನ ತಿಂಗಳನ್ನು ತೋರಿಸಬಹುದು. ಅಲ್ಲಿಂದ 1947ರವರೆಗೆ ತಿಂಗಳು ತಿಂಗಳಾಗಿ ಬೆರಳು ಸವೆಸುತ್ತ ಹಿಂದೆ ಹೋಗಬೇಡಿ. ಹೆಚ್ಚಿನ ಫೋನುಗಳಲ್ಲಿ ಮೇಲೆ ಕಾಣುವ ವರ್ಷದ ಅಂಕಿಯನ್ನು ಒತ್ತಿದರೆ ವರ್ಷಗಳ ಪಟ್ಟಿಯೇ ಬರುತ್ತದೆ. ಇದು ತಿಳಿಯದೆ ನನ್ನ ಸ್ನೇಹಿತರೊಬ್ಬರು ಎಂಟು ನೂರು ಚಿಲ್ಲರೆ ಸಲ ಪರದೆ ಸರಿಸಿ, ತಾವು ಹುಟ್ಟಿದ ತಿಂಗಳು ತಲುಪುವ ಹೊತ್ತಿಗೆ ಹೆಬ್ಬೆರಳು ನೋವೆಂದು ಕೈ ಬಿಟ್ಟರು. ಇಷ್ಟು ವರ್ಷ ಬದುಕಿದ್ದೇ ಇದಕ್ಕಿಂತ ಸುಲಭವಾಗಿತ್ತು ಎಂದು ಅವರ ದೂರು.

ತಿಥಿಯನ್ನು ಮಾತ್ರ ಆ ‘ಪ್ರತಿವರ್ಷ’ ಎಂಬ ಗುಂಡಿಗೆ ಒಪ್ಪಿಸಬೇಡಿ. ಅದು ಇಂಗ್ಲಿಷ್ ತಾರೀಖನ್ನೇ ಮರುಕಳಿಸುತ್ತದೆ, ಚಂದ್ರನನ್ನು ಕೇಳುವುದಿಲ್ಲ. ಯುಗಾದಿಗೆ ಹೊಸ ಪಂಚಾಂಗ ಬಂದ ದಿನ ಬೇವು ಬೆಲ್ಲ ತಿಂದು ಕೈ ತೊಳೆದುಕೊಂಡು, ಮನೆಯವರ ತಿಥಿಗಳನ್ನೆಲ್ಲ ಆ ವರ್ಷದ ತಾರೀಖಿಗೆ ಇಳಿಸಿ ಒಂದೊಂದಾಗಿ ಹಾಕಿಕೊಳ್ಳಿ. ಅರ್ಧ ಗಂಟೆಯ ಕೆಲಸ. ಇನ್ನೊಂದು ಎಚ್ಚರ: ಫೋನಿನ ದಿನ ಮಧ್ಯರಾತ್ರಿಗೆ ಬದಲಾಗುತ್ತದೆ, ಪಂಚಾಂಗದ್ದು ಸೂರ್ಯೋದಯಕ್ಕೆ. ನಿಮ್ಮ ತಮ್ಮನ ಮಗು ನಸುಕಿನಲ್ಲಿ ಹುಟ್ಟಿದ್ದರೆ ಆಸ್ಪತ್ರೆಯ ಕಾಗದ ಮಂಗಳವಾರ ಎಂದರೂ ಪಂಚಾಂಗಕ್ಕೆ ಅದಿನ್ನೂ ಸೋಮವಾರ. ಮೇಲಾಗಿ ಅಲ್ಲಿನ ಸೂರ್ಯೋದಯ ಬೇರೆ, ಆದ್ದರಿಂದ ಸಾಗರದ ಪಂಚಾಂಗ ನೋಡಿ ನ್ಯೂಜೆರ್ಸಿಯ ತಿಥಿ ಹೇಳಬೇಡಿ. ಆಗಸ್ಟ್‌ನಲ್ಲಿ ಅವರು ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಬೆಳಿಗ್ಗೆ ಆರಕ್ಕೆ ನೀವು ಅಪ್ಪಯ್ಯನನ್ನು ವಿಡಿಯೋ ಕರೆಗೆ ಕೂರಿಸಿದರೆ ಅಲ್ಲಿ ಇನ್ನೂ ಹದಿನಾಲ್ಕನೇ ತಾರೀಖಿನ ರಾತ್ರಿ ಎಂಟೂವರೆ. ಮೊಮ್ಮಗ ‘ಅಜ್ಜ, ನಿಮ್ಮ ಹುಟ್ಟುಹಬ್ಬ ನಾಳೆ’ ಎಂದು ವಾದಕ್ಕೆ ನಿಂತರೆ ಅವನದೂ ತಪ್ಪಿಲ್ಲ.

ಆಧಾರ್, ಪಿಂಚಣಿ ಪುಸ್ತಕಗಳಿಗೆ ಕೈ ಹಚ್ಚಬೇಡಿ. ಇದನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ, ಏಕೆಂದರೆ ಉತ್ಸಾಹದಲ್ಲಿ ತಿದ್ದಿಸಲು ಹೋಗಿ ಪಿಂಚಣಿ ನಿಂತು ಅಲೆದವರನ್ನು ಕಂಡಿದ್ದೇನೆ. ನೌಕರರು ದಾಖಲೆಯ ವಯಸ್ಸನ್ನು ಪ್ರಶ್ನಿಸುವುದಕ್ಕೆ ನಮ್ಮ ರಾಜ್ಯದಲ್ಲಿ 1974ರ ಕಾಯಿದೆಯೇ ಇದೆ. ಸೇವಾ ಪುಸ್ತಕದಲ್ಲಿ ವಯಸ್ಸು ಬರೆದ ಮೂರು ವರ್ಷದೊಳಗೆ ಕೇಳಬೇಕು, ಆಮೇಲೆ ಬಾಗಿಲು ಮುಚ್ಚಿತು. ಈಗ ಆಧಾರ್ ಒಂದನ್ನೇ ಬದಲಿಸಿದರೆ ಅದಕ್ಕೂ ಪಿಂಚಣಿಗೂ ಪ್ಯಾನ್ ಕಾರ್ಡಿಗೂ ತಾಳೆಯಾಗದೆ, ಪ್ರತಿ ಬ್ಯಾಂಕಿನಲ್ಲೂ ಅಪ್ಪಯ್ಯ ತಾನು ತಾನೇ ಎಂದು ಸಾಬೀತು ಮಾಡುತ್ತ ಕೂರಬೇಕು. ಆಧಾರ್‌ನ ಹೊಸ ಪ್ರತಿಗಳ ಮೇಲೆ ಇದು ಗುರುತಿನ ಪುರಾವೆಯೇ ಹೊರತು ಜನ್ಮ ದಿನಾಂಕದ್ದಲ್ಲ ಎಂದು ಅಚ್ಚು ಹಾಕಿದ್ದಾರೆ. ಆಧಾರೇ ಹೊಣೆ ಹೊರಲು ಒಪ್ಪದ ತಾರೀಖಿಗಾಗಿ ನೀವು ಸರತಿಯಲ್ಲಿ ನಿಲ್ಲುವುದೇಕೆ?

ಅಮ್ಮನ ಜನವರಿ 1 ಕೂಡ ಜೂನ್ 1ರ ತಂಗಿಯೇ. ನೋಂದಣಿಯ ಸಮಯದಲ್ಲಿ ದಾಖಲೆಯಿಲ್ಲದೆ ವಯಸ್ಸು ಮಾತ್ರ ಹೇಳಿದವರಿಗೆ ಕಂಪ್ಯೂಟರು ವರ್ಷವನ್ನು ಲೆಕ್ಕ ಹಾಕಿ ಜನವರಿ 1 ಎಂದು ತುಂಬಿಕೊಂಡಿತು. ಅಲ್ಲಿ ಮೇಷ್ಟರು, ಇಲ್ಲಿ ಯಂತ್ರ. ಮೇಷ್ಟರು ಕಿವಿಯನ್ನಾದರೂ ಮುಟ್ಟಿಸಿ ನೋಡುತ್ತಿದ್ದರು.

ಅವರ ದಿನ ಹುಡುಕಲು ಒಂದು ದಾರಿ ಇದೆ, ನಿಮ್ಮ ತಾಲ್ಲೂಕಿನಲ್ಲಿ ಅದು ಬೇರೆಡೆಗಿಂತ ಸುಲಭ. ಅಮ್ಮನ ತವರು ಶರಾವತಿಯ ಮುಳುಗಡೆಯ ಊರು ಎಂದು ಬರೆದಿದ್ದೀರಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆ ಕಡೆಯ ಹಿರಿಯರಿಗೆ ಕಾಲವೆಂದರೆ ಎರಡೇ, ಮುಳುಗಡೆಗೆ ಮುಂಚೆ ಮತ್ತು ಮುಳುಗಡೆ ಆದಮೇಲೆ. ಅಮ್ಮನನ್ನು ‘ಯಾವ ವರ್ಷ ಹುಟ್ಟಿದಿರಿ’ ಎಂದು ಕೇಳಬೇಡಿ, ಅವರಿಗೆ ಗೊತ್ತಿಲ್ಲ. ಊರು ಬಿಟ್ಟು ಹೊರಟಾಗ ಎಷ್ಟನೇ ಇಯತ್ತೆ? ತಲೆಯ ಮೇಲೆ ಏನು ಹೊತ್ತು ತಂದರು? ಜೊತೆಗೆ ನಡೆದದ್ದು ಯಾವ ತಂಗಿ, ಕಂಕುಳಲ್ಲಿದ್ದದ್ದು ಯಾರು? ನಾನು ನನ್ನ ಅತ್ತಿಗೆಯನ್ನು ಹೀಗೆ ಕೇಳುತ್ತ ಹೋದಾಗ ಅವರಿಗೆ ನೆನಪಾದದ್ದು ಒಂದು ಕಂಚಿನ ಹಂಡೆ. ಅದನ್ನು ಹೊರಲು ತಾನು ಚಿಕ್ಕವಳೆಂದು ಅಕ್ಕನಿಗೆ ಕೊಟ್ಟರಂತೆ, ಅದಕ್ಕೆ ದಾರಿಯುದ್ದಕ್ಕೂ ಅತ್ತರಂತೆ. ಅಕ್ಕ ಆಗ ಮೈನೆರೆದು ಒಂದು ವರ್ಷ. ಅಲ್ಲಿಂದ ಇಳಿಸುತ್ತ ಬಂದು ಅತ್ತಿಗೆಯ ವರ್ಷ ಸಿಕ್ಕಿತು. ತಿಂಗಳು ಸಿಕ್ಕಿದ್ದು ಬೇರೆ ಮಾತಿನಿಂದ. ಅವರ ತಾಯಿ ಬಾಣಂತಿಯಾಗಿ ಒಳಗೆ ಮಲಗಿದ್ದಾಗ ಅಂಗಳದಲ್ಲಿ ಅಡಿಕೆ ಸುಲಿಯುವ ಸದ್ದು ಕೇಳುತ್ತಿತ್ತಂತೆ. ತಾರೀಖು ಸಿಗಲಿಲ್ಲ. ಈಗ ಅವರ ಮನೆಯಲ್ಲಿ ವರ್ಷದ ಮೊದಲ ಅಡಿಕೆ ಕೊನೆ ಇಳಿದ ದಿನ ಅವರಿಗೆ ಒಂದು ಸೀರೆ ಕೊಡುತ್ತಾರೆ. ಒಂದು ವರ್ಷ ನವೆಂಬರಿನಲ್ಲಿ ಬರುತ್ತದೆ, ಒಂದು ವರ್ಷ ಡಿಸೆಂಬರಿನಲ್ಲಿ. ಅತ್ತಿಗೆಗೆ ಅದು ಜನವರಿ 1ಕ್ಕಿಂತ ಹೆಚ್ಚು ಒಗ್ಗಿದೆ.

ವಯಸ್ಸಾದಂತೆ ಯಂತ್ರಗಳು ನಮ್ಮನ್ನು ಗುರುತಿಸಲು ತಡವರಿಸುತ್ತವೆ, ಇದನ್ನೂ ನಿಮ್ಮ ಗಮನಕ್ಕೆ ತಂದುಬಿಡುತ್ತೇನೆ. ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರಕ್ಕೆಂದು ಹೋದರೆ ನನ್ನ ಹತ್ತು ಬೆರಳಿನ ಗುರುತೂ ಯಂತ್ರಕ್ಕೆ ಹತ್ತಲಿಲ್ಲ. ‘ಕೈ ಒರೆಸಿಕೊಂಡು ಒತ್ತಿ ಸರ್’ ಎಂದ ಹುಡುಗ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದು ಸವೆದದ್ದು ಒರೆಸಿದರೆ ಬರುತ್ತದೆಯೇ? ಕೊನೆಗೆ ಫೋನಿನ ಮುಂದೆ ಮುಖ ತೋರಿಸಿ ಕಣ್ಣು ಮಿಟುಕಿಸಿದ ಮೇಲೆ ನಾನು ಬದುಕಿದ್ದೇನೆ ಎಂದು ಸರ್ಕಾರ ಒಪ್ಪಿತು. ನಿಮ್ಮ ಅಪ್ಪಯ್ಯ ತೋಟದಲ್ಲಿ ಕೈಯಾಡಿಸುವವರು, ಅವರಿಗೂ ಹೀಗಾಗಬಹುದು. ಮುಖ ತೋರಿಸುವ ವ್ಯವಸ್ಥೆಯನ್ನು ಮನೆಯಲ್ಲೇ ಒಮ್ಮೆ ಮಾಡಿ ತೋರಿಸಿ, ಸರತಿಯ ಬವಣೆ ತಪ್ಪುತ್ತದೆ.

ಮುಖದ ವಿಷಯದಲ್ಲಿ ಯಂತ್ರಕ್ಕೆ ಆಗುವ ಇನ್ನೊಂದು ಗಲಿಬಿಲಿ ಇದೆ. ನಮ್ಮ ತಂದೆಯವರ ನಲವತ್ತರ ಆಸುಪಾಸಿನ ಒಂದು ಫೋಟೋವನ್ನು ಫೋನಿಗೆ ಹಾಕಿಕೊಂಡಿದ್ದೆ. ಫೋನು ಅದನ್ನೂ ನನ್ನ ಮಗನ ಚಿತ್ರವನ್ನೂ ಅಕ್ಕಪಕ್ಕ ಇಟ್ಟು, ಇಬ್ಬರೂ ಒಬ್ಬರೇ ವ್ಯಕ್ತಿಯೇ, ಬೇರೆಯೇ ಎಂದು ಕೇಳಿತು. ತಂದೆ ತೀರಿಕೊಂಡದ್ದು ಮಗ ಹುಟ್ಟುವ ಮೊದಲು. ಬೇರೆ ಎಂದು ಒತ್ತುವುದಕ್ಕೆ ನನಗೆ ಬಹಳ ಹೊತ್ತು ಹಿಡಿಯಿತು.

ಕೊನೆಯದಾಗಿ ಕಾರ ಹುಣ್ಣಿಮೆ. ಜೂನ್ 7 ಎಂದರೆ ನಿಮ್ಮಲ್ಲಿ ಮುಂಗಾರು ಬಾಗಿಲಿಗೆ ಬಂದ ಹೊತ್ತು. ಸಾವಿರದ ಚಂದ್ರ ಮೋಡದೊಳಗೆ ಇರುತ್ತಾನೆ ಎಂದೇ ಲೆಕ್ಕವಿಟ್ಟುಕೊಳ್ಳಿ. ಆದ್ದರಿಂದ ಅದೇ ವರ್ಷ ಫೆಬ್ರವರಿಯಲ್ಲಿ ಬರುವ ಭಾರತ ಹುಣ್ಣಿಮೆಯ ರಾತ್ರಿ, ಆಕಾಶ ತಿಳಿಯಾಗಿರುವಾಗ, ಅಂಗಳದಲ್ಲಿ ಕುರ್ಚಿ ಹಾಕಿ ಅಪ್ಪಯ್ಯನನ್ನು ಕೂರಿಸಿ. ಅದು ಅವರ 996ನೆಯದು. ಇನ್ನು ಜೂನ್ 1ಕ್ಕೆ ಬ್ಯಾಂಕಿನ ಶುಭಾಶಯ ಬರುವುದನ್ನು ನೀವು ತಪ್ಪಿಸಲಾರಿರಿ, ತಮ್ಮನೂ ಮರೆತು ಮತ್ತೆ ಕೇಕ್ ಕಳಿಸಬಹುದು. ಹಾಗಾದರೆ ಅದನ್ನು ಊರಿನ ಶಾಲೆಗೆ ಒಯ್ಯಿರಿ. ಶಾಲೆ ಆಗಷ್ಟೇ ತೆರೆದಿರುತ್ತದೆ, ಮಕ್ಕಳಿಗೆ ಹಂಚಿ, ಮೇಷ್ಟರಿಗೂ ಒಂದು ತುಂಡು ಕೊಡಿ. ಅವರದೇ ಹುಟ್ಟುಹಬ್ಬವಲ್ಲವೇ.